ನಮ್ಮನೆಯವಳು – ಒಂದು

ಕೊನೆಯ ನೆಂಟರೂ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ ಅವಳಿಗೆ ಎಚ್ಚರವಾದದ್ದು ಬಚ್ಚಲುಮನೆಯ ನಲ್ಲಿಯಿಂದ. ಅದು ತೊಟ್ಟಿಕ್ಕುತ್ತಿತ್ತು. ಎಷ್ಟು ದಿನದಿಂದ ತೊಟ್ಟಿಕ್ಕುತ್ತಿತ್ತೋ, ಬಂದುಹೋಗುವವರ ಗದ್ದಲದಲ್ಲಿ ಯಾರ ಕಿವಿಗೂ ಬಿದ್ದಿರಲಿಲ್ಲ.

ಮದುವೆಯಾದ ಹೊಸದರಲ್ಲಿ ಇದೇ ನಲ್ಲಿ ಹೀಗೇ ಮಾಡಿತ್ತು. ಗಂಡ ಅದನ್ನು ಬಿಚ್ಚಿ, ಒಳಗಿನ ಸವೆದ ರಬ್ಬರಿನ ಬಿಲ್ಲೆಯನ್ನು ಅಂಗೈ ಮೇಲಿಟ್ಟು, "ನೋಡು, ನಾಲಿಗೆ ಹೋಗಿದೆ ಇದರದ್ದು. ಅದಕ್ಕೇ ಮಾತು ನಿಲ್ಲಿಸ್ತಿಲ್ಲ" ಎಂದಿದ್ದ. ಅವಳು ನಕ್ಕು, "ಅದಕ್ಕೆ ನಾಲಿಗೆ ಅನ್ನಲ್ಲ, ವಾಷರ್ ಅಂತಾರೆ" ಎಂದಿದ್ದಳು. ತಮಾಷೆಗೇ ಹೇಳಿದ್ದು. ಅವಳ ಕೆಲಸವೇ ಅಂಥದ್ದು: ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಪುಸ್ತಕಗಳನ್ನು ವಿಷಯವಾರು ಪಟ್ಟಿ ಮಾಡುವುದು. ಒಂದು ವಿಷಯಕ್ಕೆ ಒಂದೇ ಹೆಸರು, ಎರಡಾದರೆ ಪುಸ್ತಕ ಕಳೆದುಹೋದ ಹಾಗೆ. ಅವನು ಓದಿದ್ದು ಹತ್ತನೆಯ ತರಗತಿ; ಊರಂಚಿನಲ್ಲಿ ಸ್ವಂತ ಕಾರ್ ಗ್ಯಾರೇಜು. ಅವಳ ಮಾತಿಗೆ "ಹೌದಾ, ವಾಷರ್" ಎಂದವನು ಆಮೇಲೆ ಒಂಬತ್ತು ವರ್ಷ ಅವಳೆದುರು ಯಾವ ವಸ್ತುವಿಗೂ ಅಡ್ಡಹೆಸರು ಇಟ್ಟದ್ದು ಅವಳಿಗೆ ನೆನಪಿಲ್ಲ. ಮಿತಭಾಷಿ ಎಂದು ಅವಳು ಅವನ ಬಗ್ಗೆ ಎಲ್ಲರಿಗೂ ಹೇಳುತ್ತಿದ್ದಳು. ಮೂವತ್ತೆಂಟಕ್ಕೇ, ಗ್ಯಾರೇಜಿನ ತೊಟ್ಟಿಯ ಮುಂದೆ ಕೈ ತೊಳೆಯುತ್ತ ನಿಂತವನು ಒಂದು ಮಾತೂ ಆಡದೆ ಕುಸಿದು ಹೋದಾಗ, ಸಾವಿನಲ್ಲೂ ಮಿತಭಾಷಿಯೇ ಎಂದು ಅವಳಿಗೆ ಅನಿಸಿತ್ತು. ಅಳು ಮಾತ್ರ ಬಂದಿರಲಿಲ್ಲ. ಇವತ್ತಿಗೂ ಬಂದಿರಲಿಲ್ಲ.

ಅವಳು ನಲ್ಲಿಯ ಕೆಳಗೊಂದು ಬಕೆಟ್ ಇಟ್ಟು ಹೊರಗೆ ಬರುವಷ್ಟರಲ್ಲಿ ಬಾಗಿಲಲ್ಲಿ ಪೇಂಟರ್ ನಿಂತಿದ್ದ. ಗ್ಯಾರೇಜಿನಲ್ಲಿ ಇದ್ದವರೇ ಇಬ್ಬರು: ಇಂಜಿನ್ನಿಗೆ ಗಂಡ, ತಗ್ಗು ತೆಗೆದು ಬಣ್ಣ ಹೊಡೆಯಲು ಈ ಪೇಂಟರ್. ಅರವತ್ತರ ಆಸುಪಾಸಿನ ಮನುಷ್ಯ, ಹುಬ್ಬಿನಲ್ಲೂ ಬೂದುಬಣ್ಣದ ತುಂತುರು.

"ಇವತ್ತೇ ಬಂದು ತೊಂದರೆ ಕೊಡಬಾರದಿತ್ತು ತಾಯಿ," ಎಂದ. "ಆದ್ರೆ ನರ್ಸಕ್ಕನ ಗಾಡಿ ಅಲ್ಲೇ ನಿಂತಿದೆ. ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಬರೋ ಹೆಂಗಸು. ದಿನಕ್ಕೆ ಎರಡು ಸಲ ಫೋನ್ ಮಾಡ್ತಾಳೆ, ಆಮೇಲೆ ತಾನೇ ಬೇಜಾರು ಮಾಡ್ಕೊಂಡು ಇಟ್ಟುಬಿಡ್ತಾಳೆ."

"ರಿಪೇರಿಗೆ ಯಾರೂ ಇಲ್ವಲ್ಲ."

"ಪಕ್ಕದ ಲಾರಿ ಶೆಡ್ಡಿಂದ ಒಬ್ಬನ್ನ ಎರವಲು ತಂದಿದ್ದೀನಿ. ಹೆಸರೇ ಎರವಲು ಮೇಸ್ತ್ರಿ ಅಂತ ಇಟ್ಟಿದ್ದೀನಿ, ಬೈಯ್ಕೊಂಡೇ ಬರ್ತಾನೆ. ಗಾಡಿ ಇನ್ನೂ ಬಿಚ್ಚಿಲ್ಲ. ಅವತ್ತು ನಿಮ್ಮನೆಯವನು ಬಾನೆಟ್ ಎತ್ತಿ, ಕಿವಿಗೊಟ್ಟು ಕೇಳಿ, ಏನೇನು ಬೇಕು ಅಂತ ಚೀಟಿ ಬರೆದು ಗಾಜಿನ ಮೇಲೆ ಸಿಕ್ಕಿಸಿದ್ದ. ಅಷ್ಟೇ. ಚೀಟಿ ಮಾತ್ರ ನಮಗೆ ಅರ್ಥ ಆಗ್ತಿಲ್ಲ."

ಅವಳು ಚೀಟಿ ತೆಗೆದುಕೊಂಡಳು. ಗಂಡನ ಅಕ್ಷರವೇ, ಪೆನ್ಸಿಲ್ಲಿನದು, ಒತ್ತಿ ಬರೆದದ್ದು.

ನರ್ಸಕ್ಕನ ಗಾಡಿ.
ಅತ್ತೆ – ೧
ಚಿಟ್ಟೆ – ೪
ನಮ್ಮನೆಯವಳು – ೧

ಕೊನೆಯ ಸಾಲನ್ನು ಅವಳು ಎರಡು ಸಲ ಓದಿದಳು. "ಏನಿದು?"

"ಸಾಮಾನಿನ ಹೆಸರು. ಅವನಿಟ್ಟ ಹೆಸರು. ಕಂಪನಿ ಹೆಸರು ಅವನ ಬಾಯಲ್ಲಿ ನಿಲ್ತಾನೇ ಇರ್ಲಿಲ್ಲ. ಒಂದೊಂದಕ್ಕೂ ಒಂದೊಂದು ನಾಮಕರಣ. ಕೇಳಿದ್ರೆ ಹೊಟ್ಟೆ ಹುಣ್ಣಾಗೋ ಹಾಗೆ ನಗಬೇಕು ತಾಯಿ."

"ಇವರಾ? ನಗಿಸ್ತಿದ್ರಾ?"

"ಅಯ್ಯೋ, ಬಾಯಿ ಮುಚ್ಚಿದ್ರೆ ತಾನೆ. ನನ್ನದು ಬಣ್ಣದ ಕೆಲಸ, ಇಂಜಿನ್ನಿನ ಮಾತು ನನಗೆ ಹತ್ತಲ್ಲ. ಅವನ ಭಾಷೆ ಪೂರ್ತಿ ಗೊತ್ತಿರೋದು ಬಿಡಿಭಾಗದ ಅಂಗಡಿ ಅಕ್ಕನಿಗೆ. ಇವನು ಫೋನಲ್ಲಿ ಅರ್ಧ ಹೇಳೋದರೊಳಗೆ ಅವಳು ಕಟ್ಟಿ ಇಟ್ಟಿರೋಳು. ಒಂದು ಫೋನ್ ಹಾಕಿದ್ರೆ ಮುಗೀತು, ನಿಮ್ಮನ್ನ ಒಂದು ಮಾತು ಕೇಳಿ ಅಂತ ಬಂದೆ."

ಇಷ್ಟು ದಿನ ಕಲ್ಲಿನ ಹಾಗೆ ಕೂತಿದ್ದ ಮೈಯಲ್ಲಿ ಮೊದಲು ಎಚ್ಚರವಾದದ್ದು ದುಃಖವಲ್ಲ, ಹೊಟ್ಟೆಕಿಚ್ಚು.

"ಆ ಅಂಗಡಿ ಬೇಡ. ಚೀಟಿ ನನ್ನ ಹತ್ರ ಇರಲಿ. ನಾನು ನೋಡ್ತೀನಿ."

ಪೇಂಟರ್ ಹೋದ ಮೇಲೆ ಅವಳು ಗಂಡನ ಕಪಾಟು ತೆರೆದಳು. ಇಂಥ ಇನ್ನೂ ಚೀಟಿಗಳಿದ್ದಾವು ಎಂದುಕೊಂಡಿದ್ದಳು. ಸಿಕ್ಕಿದ್ದು ಅಂಗಿಗಳ ಕೆಳಗೆ, ಹಳೆಯ ಬನಿಯನ್ನಿನಲ್ಲಿ ಸುತ್ತಿಟ್ಟಿದ್ದ ಒಂದು ಉದ್ದನೆಯ ಮರದ ಪೆಟ್ಟಿಗೆ. ಒಳಗೆ ಅಳತೆಯ ಉಪಕರಣ, ಉಕ್ಕಿನ ವರ್ನಿಯರ್, ಎಣ್ಣೆ ಸವರಿ ಮಿರುಗುತ್ತಿತ್ತು. ಮುಚ್ಚಳದ ಮೇಲೆ ಬಿಡಿಭಾಗದ ಅಂಗಡಿಯ ಮುದ್ರೆ. ಅದರ ಪಕ್ಕ ಅಂಟಿಸಿದ ಕಾಗದದಲ್ಲಿ ದುಂಡಗಿನ ನೀಲಿ ಅಕ್ಷರ: "ಅಪ್ಪನದು. ಜೋಪಾನ."

ಜೋಪಾನ. ಬೇರೆ ಯಾರಾದರೂ ಆಗಿದ್ದರೆ "ವಾಪಸ್ ಕೊಡಿ" ಎಂದು ಬರೆಯುತ್ತಿದ್ದರು. ಅವಳು ಆ ಪದವನ್ನು ನೋಡುತ್ತ ಕೂತಳು. ತಾನು ಅವನಿಗೆ ಯಾವತ್ತಾದರೂ ಜೋಪಾನ ಎಂದಿದ್ದೆನೇ? ಹೊರಡುವಾಗ ಬಾಗಿಲು ಎಳೆದುಕೊಳ್ಳಿ ಎನ್ನುತ್ತಿದ್ದಳು. ಉಗುರು ಕಾಗದದ ಅಂಚಿಗೆ ತಾನಾಗಿಯೇ ಹೋಯಿತು. ಕೆರೆದು ಕೆರೆದು ಆ ಒಂದು ಪದವನ್ನು ಕಿತ್ತಳು. ಕಾಗದದ ಚೂರು ಉಗುರಿನಡಿ ಸೇರಿಕೊಂಡಿತು.

"ಏನು ಹುಡುಕ್ತಿದ್ದೀಯಮ್ಮ?" ಅತ್ತೆ, ಗಂಡನ ತಾಯಿ, ಬಾಗಿಲಿಗೆ ಬಂದರು.

ಅವಳು ಪೆಟ್ಟಿಗೆ ಮುಚ್ಚಿ ಚೀಟಿ ತೋರಿಸಿ, ಸಾಮಾನಿಗೆ ಅವರಿಟ್ಟ ಹೆಸರುಗಳಂತೆ ಎಂದಳು. ಅತ್ತೆ ಅದನ್ನು ದೂರ ಹಿಡಿದು ಓದಿದರು.

"ಅತ್ತೆ ಅಂದ್ರೆ ಅವನಿಗೆ ನಿಮ್ಮಮ್ಮ. ನಾನಲ್ಲ," ಎಂದರು. ಸಾಲುಗಳ ಮೇಲೆ ಬೆರಳಾಡಿಸಿ, "ಅಮ್ಮ ಅಂತ ಎಲ್ಲೂ ಬರೆದಿಲ್ವಾ? ಹಿಂದುಗಡೆ ನೋಡು" ಎಂದರು.

ಹಿಂದುಗಡೆ ಏನೂ ಇರಲಿಲ್ಲ. ಅತ್ತೆ ಚೀಟಿಯನ್ನು ಕೈಗೆ ಕೊಟ್ಟು, ನಲ್ಲಿಯ ಬಕೆಟ್ ತುಂಬಿತೆಂದು ಹೇಳಿ ಹೋದರು.

ಅವಳ ಮುಂದೆ ಇದ್ದದ್ದು ಈಗ ಒಂದೇ ಪ್ರಶ್ನೆ. ಕಾರಿನಲ್ಲಿ ತನ್ನ ಹೆಸರಿನ ಒಂದು ಭಾಗವಿದೆ. ಅದು ಯಾವುದು, ಅವನು ತನ್ನನ್ನು ಏನೆಂದುಕೊಂಡಿದ್ದ ಎಂಬುದು ತನಗೆ ಗೊತ್ತಿಲ್ಲ. ಕೌಂಟರಿನ ಹಿಂದೆ ನಿಂತ ಯಾವಳಿಗೋ ಗೊತ್ತಿದೆ. ಅವಳ ಬಾಯಿಂದ ಕೇಳುವುದಕ್ಕಿಂತ ತಾನೇ ಕಂಡುಹಿಡಿಯುವುದು ವಾಸಿ. ಹೆಸರು ಹಚ್ಚುವುದೇ ತಾನೆ, ಹದಿನಾಲ್ಕು ವರ್ಷದಿಂದ ಮಾಡುತ್ತಿರುವುದು ಅದನ್ನೇ.

ಮಧ್ಯಾಹ್ನ ಗ್ಯಾರೇಜಿಗೆ ಹೋದಳು. ತಗಡಿನ ಬಾಗಿಲು, ಎಣ್ಣೆ ಕುಡಿದು ಕಪ್ಪಾದ ನೆಲ, ಗೋಡೆಯ ಮೊಳೆಗಳಲ್ಲಿ ಗಾತ್ರದ ಪ್ರಕಾರ ತೂಗುಹಾಕಿದ ಸ್ಪ್ಯಾನರುಗಳು. ನರ್ಸಕ್ಕನ ಚಿಕ್ಕ ಬಿಳಿ ಕಾರು ಮೂಲೆಯಲ್ಲಿ ನಿಂತಿತ್ತು. ಕಂಪನಿಯ ದಪ್ಪ ಪುಸ್ತಕ, ಪ್ರತಿ ಭಾಗದ ಚಿತ್ರ, ಹೆಸರು, ಸಂಖ್ಯೆ ಇರುವಂಥದ್ದು, ಮೇಲಿನ ಹಲಗೆಯಲ್ಲಿ ಪ್ಲಾಸ್ಟಿಕ್ ಹೊದಿಕೆಯನ್ನೂ ಕಳಚದೆ ಕೂತಿತ್ತು. ಅವಳೇ ಅವನ ಹುಟ್ಟುಹಬ್ಬಕ್ಕೆ ಕೊಟ್ಟದ್ದು.

ಹೊದಿಕೆ ಹರಿದು, ಮೇಜು ಒರೆಸಿ ಕೂತಳು. ಎರವಲು ಮೇಸ್ತ್ರಿ ಲಾರಿಗಳಲ್ಲೇ ಪಳಗಿದವನು, ದಪ್ಪ ಕುತ್ತಿಗೆ, ಸಣ್ಣ ದನಿ. ಕಾರಿನ ಮುಂದೆ ಆಟಿಕೆ ಕಂಡವನ ಹಾಗೆ ನಿಂತಿದ್ದ.

"ನೀವೇ ನೋಡಿ ಹೇಳಬಹುದಲ್ಲ, ಏನು ಕೆಟ್ಟಿದೆ ಅಂತ," ಎಂದಳು.

"ಒಬ್ಬರು ಕಿವಿಗೊಟ್ಟು ಬರೆದ ಗಾಡಿಗೆ ಇನ್ನೊಬ್ಬರು ಬೇರೆ ಬರೆಯಲ್ಲಕ್ಕಾ, ನಮ್ಮ ಕಸುಬಲ್ಲಿ. ಅದೂ ಹೋದವರದ್ದು. ಏನು ಬರೆದಿದ್ದಾರೋ ಅದನ್ನ ಹಾಕಿಕೊಡ್ತೀನಿ."

"ಹಾಗಾದ್ರೆ ಅತ್ತೆ ಅಂದ್ರೆ?"

"ನಮ್ಮ ಶೆಡ್ಡಲ್ಲಿ ಅತ್ತೆ ಅಂದ್ರೆ ಹಾರ್ನು."

"ಹಾರ್ನ್ ಹೆಂಗಯ್ಯಾ ಆಗುತ್ತೆ," ಪೇಂಟರ್ ಉಜ್ಜುಕಾಗದ ಕೆಳಗಿಟ್ಟ. "ನಾನು ಮೊದಲು ಇದ್ದ ಗ್ಯಾರೇಜಲ್ಲಿ ಅತ್ತೆ ಅಂದ್ರೆ ಹಿಂದಿನ ಬಂಪರ್ರು."

"ಯಾಕೆ?" ಎಂದ ಮೇಸ್ತ್ರಿ.

"ಯಾಕೆ ಅಂತ ಹೇಳೋಕಾಗಲ್ಲ, ತಾಯಿ ಇದ್ದಾರೆ."

ಚಿಟ್ಟೆಯ ವಿಷಯದಲ್ಲಿ ಜಗಳವಾಗಲಿಲ್ಲ. ಇಂಜಿನ್ನಿಗೆ ಗಾಳಿ ಬಿಡುವ ಕೊಳವೆಯೊಳಗೆ ರೆಕ್ಕೆಯ ಹಾಗೆ ತಿರುಗುವ ತಗಡನ್ನು ಎಲ್ಲ ಶೆಡ್ಡುಗಳಲ್ಲೂ ಚಿಟ್ಟೆ ಎನ್ನುತ್ತಾರೆ ಎಂದು ಎರವಲು ಮೇಸ್ತ್ರಿ ಎದೆ ತಟ್ಟಿ ಹೇಳಿದ. ಅವಳು ಪುಸ್ತಕದಲ್ಲಿ ಚಿತ್ರ ತೆಗೆದು ನೋಡಿದಳು. ಆಕಾರ ಸರಿಹೊಂದಿತು. ಆದರೆ ಒಂದು ಕಾರಿಗೆ ಅದು ಒಂದೇ; ಚೀಟಿಯಲ್ಲಿ ನಾಲ್ಕು. ಗಂಡ ಬರೆಯುವಾಗ ಯಾವಾಗಲೂ ಏನಾದರೂ ತಪ್ಪುತ್ತಿದ್ದ. ಅವಳು ತನ್ನ ಪೆನ್ನಿನಿಂದ ನಾಲ್ಕನ್ನು ಹೊಡೆದು ಒಂದು ಮಾಡಿದಳು.

"ಮೂರನೆಯದು?" ಎಂದು ಮೇಸ್ತ್ರಿ ಇಣುಕಿದ. "ನಮ್ಮನೆಯವಳಾ? ಅದು ನಮ್ಮಲ್ಲೂ ಇದೆ. ಹ್ಯಾಂಡ್‌ಬ್ರೇಕು." ಹೇಳಿದ ಮೇಲೆ ಯಾರ ಮುಂದೆ ಹೇಳಿದೆನೆಂದು ಹೊಳೆದು, ಕಾರಿನ ಕೆಳಗೆ ಹೋಗಿ ಮಲಗಿಬಿಟ್ಟ.

ಹ್ಯಾಂಡ್‌ಬ್ರೇಕು. ಅವಳಿಗೆ ಅದು ಸರಿಯೆಂದೇ ಅನಿಸಿತು. ಬೇಡ ಎಂದದ್ದು, ತಡೆದದ್ದು, ವಾಷರ್ ಎಂದು ತಿದ್ದಿದ್ದು ಎಲ್ಲವೂ ಸಾಲಾಗಿ ನೆನಪಾಯಿತು. ಅವನು ಅಂಗಡಿಯಲ್ಲಿ ಒಂದು ಕೈಯನ್ನು ಕೌಂಟರಿನ ಮೇಲೂರಿ, "ನಮ್ಮನೆಯವಳು ಒಂದು ಕೊಡಿ" ಎನ್ನುವುದನ್ನು, ಆಚೆಯಿಂದ ಆ ಅಂಗಡಿಯವಳು ನಗುವುದನ್ನು ಕಣ್ಣಾರೆ ಕಂಡ ಹಾಗಾಯಿತು. ಅತ್ತೆ ಎಂದರೆ ಹಾರ್ನೆಂದೇ ಹಿಡಿದು, ಮೂರೂ ಸಾಮಾನಿನ ಸಂಖ್ಯೆಯನ್ನು ಚೊಕ್ಕವಾಗಿ ಬರೆದು, ಪೇಂಟರನ್ನು ಪೇಟೆಯ ಬೇರೊಂದು ಅಂಗಡಿಗೆ ಕಳಿಸಿದಳು.

ಮರುದಿನ ಸಂಜೆ ನರ್ಸಕ್ಕ ಕಾರು ತೆಗೆದುಕೊಂಡು ಹೋದಳು. ಅದರ ಮಾರನೆಯ ದಿನ ಹತ್ತು ಗಂಟೆಗೆ ಅದೇ ಕಾರು ಹಗ್ಗ ಕಟ್ಟಿಸಿಕೊಂಡು ವಾಪಸ್ ಬಂತು. ಬಾನೆಟ್ಟಿನಿಂದ ಹಬೆ ಏಳುತ್ತಿತ್ತು.

"ಹಾರ್ನ್ ಬಹಳ ಚೆನ್ನಾಗಿ ಕೂಗುತ್ತೆ," ಎಂದಳು ನರ್ಸಕ್ಕ. ಗಿಡ್ಡ ಹೆಂಗಸು, ಹೆಗಲಿನ ಚೀಲ ಇನ್ನೂ ಇಳಿಸಿರಲಿಲ್ಲ. "ಹ್ಯಾಂಡ್‌ಬ್ರೇಕ್ ಅಂತೂ ಎಳೆದ್ರೆ ಬಂಡೆ. ಆದ್ರೆ ನಾನು ಆರಿಹೋಗುತ್ತೆ ಅಂತ ಬಿಟ್ಟಿದ್ದು ಗಾಡೀನ. ಪ್ರತಿ ಸಿಗ್ನಲ್ಲಿನಲ್ಲೂ ಈಗಲೂ ಆರಿಹೋಗುತ್ತೆ. ಆಮೇಲೆ ಕುದಿಯೋಕೂ ಶುರುವಾಯ್ತು. ಇವತ್ತು ಮೂರು ಮನೆ ತಪ್ಪಿತು ನಂಗೆ. ಒಬ್ಬರಿಗೆ ಇಂಜೆಕ್ಷನ್ ಇತ್ತು." ಆಮೇಲೆ ಅವಳ ಮುಖ ನೋಡಿ, ದನಿ ಇಳಿಸಿದಳು. "ನಿಮಗೆ ಹೀಗೆ ಆದ ಹೊತ್ತಲ್ಲಿ ನಾನು ಇದನ್ನ ಹೇಳಬಾರದು. ಆದ್ರೆ ಯಾರಿಗೆ ಹೇಳ್ಲಿ?"

ಪೇಂಟರ್ ಹುಬ್ಬು ಏರಿಸಿದ. ಅವಳು ಚೀಟಿ ಮಡಚಿಕೊಂಡು ಹೊರಟಳು. ವರ್ನಿಯರಿನ ಪೆಟ್ಟಿಗೆ ಮನೆಯಲ್ಲೇ ಇತ್ತು. ದಾರಿಯಲ್ಲೇ ಮನೆ, ಹೊಕ್ಕು ತರಬಹುದಿತ್ತು. ತರಲಿಲ್ಲ.

ಬಿಡಿಭಾಗದ ಅಂಗಡಿ ಎರಡು ರಸ್ತೆ ಆಚೆ. ಕಿರಿದಾದ ಕೋಣೆ, ನೆಲದಿಂದ ಮಾಡಿನವರೆಗೆ ರಟ್ಟಿನ ಡಬ್ಬಿಗಳು. ಕೌಂಟರಿನ ಹಿಂದಿದ್ದವಳು ನಲವತ್ತು ದಾಟಿದವಳು, ದಾರ ಕಟ್ಟಿದ ಕನ್ನಡಕ, ಬೆರಳ ಸಂದಿಯಲ್ಲಿ ಗ್ರೀಸು. ಚೆಲುವೆಯಾಗಿದ್ದರೆ ಒಳ್ಳೆಯದಿತ್ತು ಎಂದು ಅವಳಿಗೆ ಅನಿಸಿತು. ಚೆಲುವಿಗಾದರೆ ಹೊಟ್ಟೆಕಿಚ್ಚು ಪಡಲು ಕಾರಣ ಹುಡುಕಬೇಕಿಲ್ಲ. ಈ ಸಾಧಾರಣ ಮುಖದೆದುರು ಅವನು ಬಾಯಿ ಬಿಡುತ್ತಿದ್ದ ಎಂದರೆ, ಬಿಟ್ಟದ್ದು ಮಾತಿಗಾಗಿಯೇ.

ಅಂಗಡಿಯಕ್ಕ ಅವಳನ್ನು ನೋಡುತ್ತಲೇ ಎದ್ದು ನಿಂತಳು. ಅಂತ್ಯಕ್ರಿಯೆಗೆ ಬಂದವರಲ್ಲಿ ಹಿಂದಿನ ಸಾಲಿನಲ್ಲಿ ಈ ಮುಖವಿತ್ತು, ಈಗ ನೆನಪಾಯಿತು. ಅವಳು ಚೀಟಿಯನ್ನು ಕೌಂಟರಿನ ಮೇಲಿಟ್ಟಳು. ಅಂಗಡಿಯಕ್ಕ ಓದುತ್ತ ಓದುತ್ತ ನಕ್ಕುಬಿಟ್ಟಳು. ನಕ್ಕದ್ದಕ್ಕೆ ತಾನೇ ಬೆದರಿ ಕನ್ನಡಕ ತೆಗೆದು ಒರೆಸಿಕೊಂಡಳು. ಆಮೇಲೆ ತಿರುಗಿ, ಡಬ್ಬಿಗಳ ಕಡೆ ನೋಡದೆಯೇ ಕೈ ಹಾಕಿದಳು.

ಮೊದಲು ಬಂದದ್ದು ಅಂಗೈಯಲ್ಲಿ ಹಿಡಿಸುವ ಗುಂಡನೆಯ ತಗಡು, ನಡುವೆ ಸ್ಪ್ರಿಂಗು. "ಥರ್ಮೋಸ್ಟಾಟ್. ತಪ್ಪು ತಿಳ್ಕೋಬೇಡಿ, ಇದು ನಿಮ್ಮಮ್ಮ. ತಣ್ಣಗಿರೋವರೆಗೂ ಬಾಯಿ ಬಿಗಿ, ಬಿಸಿ ಏರಿದ್ರೆ ತೆರೆದುಕೊಳ್ಳುತ್ತೆ. ತೆರೆದಾಗ ಕೇಳಿಸ್ಕೊಂಡುಬಿಡಬೇಕು, ಮುಚ್ಚಿಕೊಂಡೇ ಇದ್ರೆ ಇಡೀ ಮನೆ ಕುದಿಯುತ್ತೆ, ಅಂತಿದ್ರು."

ಅವಳ ತಾಯಿ ಅಕ್ಷರಶಃ ಹಾಗೆಯೇ. ಅವಳು ತುಟಿ ಬಿಗಿಹಿಡಿದಳು.

"ಇವು ಚಿಟ್ಟೆ." ತಂತಿಯ ಉಂಗುರದಂಥ ನಾಲ್ಕು ಕ್ಲಿಪ್ಪುಗಳು. "ನೀರಿನ ಪೈಪು ಹಿಡಿಯೋವು. ಇಕ್ಕಳ ಸ್ವಲ್ಪ ಜಾರಿದ್ರೆ ಹಾರಿಹೋಗ್ತವೆ, ಮತ್ತೆ ಸಿಗಲ್ಲ. ಬೇಕಿರೋದು ಎರಡೇ. ಹಾರೋದಕ್ಕೆ ಅಂತ ಇನ್ನೆರಡು ಸೇರಿಸಿ ಬರೀತಿದ್ರು." ಅಂಗಡಿಯಕ್ಕ ಚೀಟಿಯನ್ನು ಮತ್ತೆ ನೋಡಿದಳು. "ಇಲ್ಲಿ ಯಾರೋ ಒಂದು ಅಂತ ತಿದ್ದಿದ್ದಾರಲ್ಲ."

"ನಾನೇ." ಆಕಾರ ನೋಡಿಕೊಂಡು ಹುಡುಕಿದ್ದೇ ತಪ್ಪಾಗಿತ್ತು. ಅವನು ಆಕಾರಕ್ಕೆ ಹೆಸರಿಟ್ಟವನಲ್ಲ, ನಡತೆಗೆ ಇಟ್ಟವನು. "ಮೂರನೆಯದು ಕೊಡಿ."

ಅಂಗಡಿಯಕ್ಕನ ಕೈ ನಿಂತಿತು. "ಅದನ್ನ ಅವರು ನಿಮಗೆ ಹೇಳಿರ್ಲಿಲ್ವಾ?"

"ಹೇಳಿದ್ರು," ಎಂದಳು ಅವಳು. "ಮರೆತಿದ್ದೀನಿ."

ಸುಳ್ಳೆಂದು ಇಬ್ಬರಿಗೂ ಗೊತ್ತಾಯಿತು. ಅಂಗಡಿಯಕ್ಕ ಕೆಳಗಿನ ಡ್ರಾಯರಿನಿಂದ ಒಂದು ಪುಟ್ಟ ಡಬ್ಬಿ ತೆಗೆದು ಬಿಚ್ಚಿದಳು. ಹೆಬ್ಬೆರಳಿನಷ್ಟು ಗಾತ್ರದ ಮೋಟರು, ತುದಿಯಲ್ಲಿ ಕಪ್ಪು ಮೊನೆ. ಅವಳ ಕಡೆ ನೋಡದೆ, ಆ ಸಾಮಾನಿಗೇ ಹೇಳುವವಳ ಹಾಗೆ ಹೇಳಿದಳು:

"ಗಾಡಿ ಓಡೋವಾಗ ಇದು ಇದೆ ಅಂತಾನೇ ಗೊತ್ತಾಗಲ್ಲ. ಗಾಡಿ ನಿಂತಾಗ, ಕಾಲು ತೆಗೆದಾಗ, ಇಂಜಿನ್ ಆರದ ಹಾಗೆ ಇದು ಒಂದಿಷ್ಟು ಗಾಳಿ ಬಿಡ್ತಾ ಇರುತ್ತೆ. ಇದು ಕೆಟ್ಟರೆ ಗಾಡಿ ಓಡುತ್ತೆ, ನಿಲ್ಲೋಕೆ ಮಾತ್ರ ಆಗಲ್ಲ, ನಿಂತ್ರೆ ಸತ್ತ ಹಾಗೆ. 'ಸಂಜೆ ಮನೆಗೆ ಹೋಗಿ ಕೂತ್ಕೋತೀನಲ್ಲ, ಅವಳು ಪುಸ್ತಕ ಓದ್ತಾ ಇರ್ತಾಳೆ, ಮಾತಿಲ್ಲ ಕತೆ ಇಲ್ಲ, ಹಂಗೆ ಇದು' ಅಂತಿದ್ರು. ಅದಕ್ಕೆ ನಮ್ಮನೆಯವಳು."

ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು. ಅವಳು ಹಣ ಕೊಟ್ಟು, ಮೂರೂ ಡಬ್ಬಿಗಳನ್ನು ಚೀಲಕ್ಕೆ ಹಾಕಿಕೊಂಡು, ಚೀಟಿಯನ್ನೂ ಎತ್ತಿಕೊಂಡಳು. ಹೊಸ್ತಿಲಲ್ಲಿ ನಿಂತು, "ಅಮ್ಮ ಅಂತ ಏನಾದ್ರೂ ಇದೆಯಾ?" ಎಂದು ಕೇಳಿದಳು.

"ಇದೆ. ಸ್ಟಾರ್ಟರ್ ಮೋಟರು. ಬೆಳಿಗ್ಗೆ ಒಂದು ಸಲ ಗದರಿಸಿ ಎಬ್ಬಿಸಿದ್ರೆ ಮುಗೀತು, ಆಮೇಲೆ ದಿನವಿಡೀ ತಂಟೆ ಇಲ್ಲ."

ಎರವಲು ಮೇಸ್ತ್ರಿ ಸಂಜೆಯೊಳಗೆ ಎಲ್ಲ ಜೋಡಿಸಿದ. ಚಿಟ್ಟೆಗಳಲ್ಲಿ ಒಂದು ಟಣ್ಣೆಂದು ಹಾರಿ ಎಲ್ಲಿ ಹೋಯಿತೋ, ಮೂವರೂ ಬಗ್ಗಿ ಹುಡುಕಿದರೂ ಸಿಗಲಿಲ್ಲ. ಪೇಂಟರ್ ಕೀಲಿ ತಿರುಗಿಸಿ ಕೆಳಗಿಳಿದ. ಅವಳು ಹೋಗಿ ಒಳಗೆ ಕೂತಳು. ಕಾರು ಎಲ್ಲೂ ಹೋಗಬೇಕಿರಲಿಲ್ಲ. ನಿಂತಲ್ಲೇ ಸಣ್ಣಗೆ, ಒಂದೇ ಸಮ, ನಡುಗುತ್ತಿತ್ತು. ಆರಲಿಲ್ಲ. ಹದಿನೈದು ನಿಮಿಷ ಅವಳು ಸ್ಟೀರಿಂಗ್ ಮೇಲೆ ಕೈಯಿಟ್ಟು ಅದನ್ನು ಕೇಳಿದಳು. ಸಂತೋಷವಾಗಬೇಕಿತ್ತು. ಆದದ್ದು ಹೊಟ್ಟೆಯುರಿಯೇ, ಮೊದಲಿಗಿಂತ ಹೆಚ್ಚಿನದು. ತನ್ನ ಬಗ್ಗೆ ಅವನು ಆಡಿದ ಅತಿ ಒಳ್ಳೆಯ ಮಾತು, ತನ್ನನ್ನು ಬಿಟ್ಟು ಎಲ್ಲೋ ಒಂದು ಕೌಂಟರಿನ ಮೇಲೆ ಬಿದ್ದಿತ್ತು, ಅದೂ ಇನ್ನೊಬ್ಬಳ ಎದುರು. ನಲ್ಲಿಯ ನಾಲಿಗೆಯನ್ನು ಅವತ್ತು ತಿದ್ದದೇ ಇದ್ದಿದ್ದರೆ ಆ ಮಾತು ಅಡುಗೆಮನೆಯವರೆಗೆ ಬರುತ್ತಿತ್ತೇನೋ. ಆಗ ಅವಳಿಗೆ ಅಳು ಬಂತು. ಪೇಂಟರ್ ಎರವಲು ಮೇಸ್ತ್ರಿಯ ತೋಳು ಹಿಡಿದು ಟೀ ಕುಡಿಯಲು ಕರೆದುಕೊಂಡು ಹೋದ.

ಸ್ಟಾರ್ಟರ್ ಮೋಟರಿನ ವಿಷಯ ಕೇಳಿ ಅತ್ತೆ, "ಗದರಿಸಿ ಎಬ್ಬಿಸ್ತಿದ್ದೆ, ಹೌದು. ಏಳ್ತಾನೇ ಇರ್ಲಿಲ್ಲ" ಎಂದರು. ಆಮೇಲೆ ಎರಡು ಸಲ ಅದೇ ಮಾತನ್ನು ತಮ್ಮಷ್ಟಕ್ಕೇ ಹೇಳಿಕೊಂಡರು.

ಮರುದಿನ ಬೆಳಿಗ್ಗೆ ಅವಳು ಮರದ ಪೆಟ್ಟಿಗೆಯನ್ನು ತೆಗೆದುಕೊಂಡು ಹೋದಳು. ಅಂಗಡಿ ಆಗ ತಾನೆ ತೆರೆದಿತ್ತು.

"ಇದು ನಿಮ್ಮದು. ಅವರು ತಂದಿದ್ದು."

"ಹೂಂ. ಹೋದ ತಿಂಗಳು." ಅಂಗಡಿಯಕ್ಕ ಪೆಟ್ಟಿಗೆಯನ್ನು ಹತ್ತಿರ ಎಳೆದುಕೊಂಡಳು. "ಕೇಳೋದು ಹೇಗೆ ಅಂತ ಸುಮ್ಮನಿದ್ದೆ."

"ಇದಕ್ಕೆ ಏನಂತಿದ್ರು?"

"ವರ್ನಿಯರ್ ಅಂತಾನೇ. ನಮ್ಮಪ್ಪನದು ಅಂತ ಹೇಳಿದ್ದೆ. ಅದಕ್ಕೆ ಹೆಸರು ಬದಲಿಸೋಕೆ ಹೋಗ್ಲಿಲ್ಲ." ಮುಚ್ಚಳವನ್ನೇ ನೋಡುತ್ತ ಹೇಳಿದಳು. "ನಿಮಗೆ ಇದು ಸರಿ ಕಾಣುತ್ತೋ ಇಲ್ವೋ. ನಿಮ್ಮಮ್ಮ, ನಿಮ್ಮತ್ತೆ, ನೀವು, ಆ ಪೇಂಟರಣ್ಣ ಕೂಡ ಇದ್ದಾನೆ, ಮುಂದಿನ ಗಾಜು ಒರೆಸೋ ಬ್ಲೇಡು ಅವನು. ಏಳು ವರ್ಷ ಎಲ್ಲರ ಹೆಸರೂ ಹೇಳಿ ಸಾಮಾನು ಕೊಟ್ಟೆ. ನನ್ನ ಹೆಸರಲ್ಲಿ ಒಂದು ವಾಷರೂ ಇಲ್ಲ. ಇಡ್ತಾರೇನೋ ಅಂತ ನಾನೂ ನೋಡ್ತಾನೇ ಇದ್ದೆ."

ಅವಳಿಗೆ ಒಳಗೆಲ್ಲೋ ಒಂದು ಮೂಲೆಯಲ್ಲಿ ಸಮಾಧಾನವಾಯಿತು, ಆದದ್ದಕ್ಕೆ ನಾಚಿಕೆಯೂ ಆಯಿತು, ಆದರೂ ಸಮಾಧಾನ ಹೋಗಲಿಲ್ಲ. ಚೀಟಿ ಅವಳ ಚೀಲದಲ್ಲೇ ಇತ್ತು. ಅದನ್ನು ತೆಗೆದು ತೋರಿಸಬಹುದಿತ್ತು, ಇಟ್ಟುಕೊಳ್ಳಿ ಎನ್ನಬಹುದಿತ್ತು. ಎನ್ನಲಿಲ್ಲ.

ಅಂಗಡಿಯಕ್ಕನ ಹೆಬ್ಬೆರಳು ಮುಚ್ಚಳದ ಕಾಗದದ ಮೇಲೆ ಬಂದು ನಿಂತಿತು. "ಅಪ್ಪನದು" ಎಂದಷ್ಟೇ ಉಳಿದಿತ್ತು, ಅದರಾಚೆ ಹರಿದ ಬಿಳಿ.

"ನಾನೇ ಕಿತ್ತೆ," ಎಂದಳು ಅವಳು.

"ಗೊತ್ತಾಯ್ತು. ಉಗುರಿನ ಗುರುತಿದೆ."

ಅಂಗಡಿಯಕ್ಕ ವರ್ನಿಯರ್ ಹೊರತೆಗೆದು, ಅದರ ಎರಡು ದವಡೆಗಳನ್ನು ಒಂದಕ್ಕೊಂದು ತಾಗಿಸಿ, ಬಾಗಿಲ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದಳು. ನಡುವೆ ಬೆಳಕು ನುಸುಳಲಿಲ್ಲ.

"ಚೆನ್ನಾಗಿಯೇ ಇಟ್ಟಿದ್ದಾರೆ," ಎಂದಳು.

"ಜೋಪಾನವಾಗಿ," ಎಂದಳು ಅವಳು. "ಅಂಗಿಗಳ ಕೆಳಗಿತ್ತು. ಒಂದು ವಾಷರ್ ಕೊಡಿ. ಬಚ್ಚಲ ನಲ್ಲಿದು."